ಒಂದೇ ಮೂಟೆ ನೋಡಿ ಹೇಳಿದ ಭವಿಷ್ಯ

"ಯಾರ್ಯಾರನ್ನ ಕೇಳಿದ್ರಿ? ಹೆಸರು ಹೇಳಿ, ಬರ್ಕೊಳ್ತೀನಿ" ಎಂದು ಶಾರದಕ್ಕ ಪೆನ್ನು ತೆಗೆದಾಗ ನಾನು ತಬ್ಬಿಬ್ಬಾದೆ. ಗ್ರಾಮ ಪಂಚಾಯ್ತಿ ಚುನಾವಣೆಗೆ ನಿಂತಿದ್ದ ಅವರಿಗೆ, ಜನವೆಲ್ಲ ನಿಮ್ಮ ಕಡೆಗಿದ್ದಾರೆ, ಗೆದ್ದಾಯ್ತು ಎಂದು ಆಗಷ್ಟೇ ಹೇಳಿದ್ದೆ. ಎಷ್ಟು ನೆನಪಿಸಿಕೊಂಡರೂ ಆಲ್ದೂರಿನ ಒಂದೇ ಹೋಟೆಲಿನಲ್ಲಿ ನನ್ನೊಂದಿಗೆ ಕಾಫಿ ಕುಡಿಯುವ ಆರು ಜನರ ಹೆಸರು ಮಾತ್ರ ಹೊಳೆಯಿತು. ನಾನು ಓದಿದ್ದು ಸಂಖ್ಯಾಶಾಸ್ತ್ರ!

"ಕಾಫಿ ವ್ಯಾಪಾರಿನೂ ಒಂದೇ ಮೂಟೆ ನೋಡಿ ರೇಟ್ ಹೇಳಲ್ಲ ಮಾರಾಯ್ರೆ, ಒಂದೊಂದು ಮೂಟೆಗೂ ಚುಚ್ಚಿ ಬೀಜ ತೆಗೀತಾನೆ. ನೀವು ಎಂಎಸ್ಸಿ ಓದಿ ಇದಾ ಮಾಡಿದ್ದು?" ಎಂದು ನಕ್ಕರು.

ಮರುದಿನ ಮತದಾರರ ಪಟ್ಟಿ ಹಿಡಿದು, ಪ್ರತಿ ಹತ್ತನೇ ಹೆಸರಿನವರ ಮನೆಗೆ ಹೋಗಿ ಕೇಳಿದೆ. ತಾವು ಎದುರಿಗಿದ್ದರೆ ಯಾರೂ ನಿಜ ಹೇಳುವುದಿಲ್ಲವೆಂದು ಶಾರದಕ್ಕ ಬರಲಿಲ್ಲ. ಸಂಜೆ ಲೆಕ್ಕ ಹಾಕಿದರೆ ಶಾರದಕ್ಕ ಹಿಂದಿದ್ದರು. ಎಸ್ಟೇಟ್ ಕಾರ್ಮಿಕರ ಲೈನ್‌ಮನೆಗಳಲ್ಲಿ ಅವರಿಗೆ ಮತ ಹಾಕುತ್ತೇವೆ ಎಂದವರು ತೀರಾ ಕಡಿಮೆ. ಆಗಲೂ ನನ್ನ ಮನಸ್ಸು ಅವರೇ ಗೆಲ್ಲುತ್ತಾರೆ ಎನ್ನುತ್ತಿತ್ತು. ಶಾರದಕ್ಕ ಮಾತ್ರ ಹಾಳೆಯನ್ನು ಎರಡು ಸಲ ಓದಿ, "ಸರಿ, ನಾಳೆಯಿಂದ ಲೈನ್‌ಮನೆಗೇ ಹೋಗೋದು" ಎಂದರು. ಮತದಾನಕ್ಕೆ ಉಳಿದಿದ್ದ ಮೂರು ದಿನವೂ ಅಲ್ಲಿ ಬಾಗಿಲು ಬಾಗಿಲಿಗೆ ನಿಂತು, ನೀರು, ರಸ್ತೆಯ ದೂರು ಕೇಳಿದರು. ಕೆಲವೇ ಮತಗಳಿಂದ ಗೆದ್ದರು.

ಹೋಟೆಲಿನಲ್ಲಿ ಗೆಳೆಯರು, "ನಾವು ಮೊದ್ಲೇ ಹೇಳಿರ್ಲಿಲ್ವಾ ಮಾರಾಯ" ಎಂದು ಬೀಗಿದರು. ಹೌದೆನ್ನಲು ನಾನೂ ಬಾಯಿ ತೆರೆದಿದ್ದೆ; ಲೆಕ್ಕದಲ್ಲಿ ಶಾರದಕ್ಕ ಹಿಂದಿದ್ದ ಆ ಸಂಜೆಯನ್ನು ನನ್ನ ನೆನಪು ಅಷ್ಟರಲ್ಲೇ ಅಳಿಸಲು ಹೊರಟಿತ್ತು. ತಡೆದುಕೊಂಡು, ಗಟ್ಟಿಯಾಗಿಯೇ ಹೇಳಿದೆ: "ಅವ್ರು ನಮ್ಮ ಮಾತು ನಂಬ್ಲಿಲ್ಲ, ಅದಕ್ಕೇ ಗೆದ್ರು."