ಓರಗಿತ್ತಿಯ ಸೈಕಲ್ಲಿಗೊಂದು ಜಾಲರಿ

ನಾನು ವರ್ಷಗಟ್ಟಲೆ ಹುಡುಕುತ್ತಿದ್ದ ಸೈಕಲ್ಲು ಕೊನೆಗೂ ಸಿಕ್ಕಿತು. ಸಿಕ್ಕಿದ್ದು ನನ್ನ ಓರಗಿತ್ತಿಗೆ.

ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗುವ ವಯಸ್ಸಿನ ಹೆಂಗಸಿಗೆ ಒಂದು ಹಳೆಯ ಸೈಕಲ್ಲಿನ ವಿಷಯದಲ್ಲಿ ಇಷ್ಟು ಹೊಟ್ಟೆಯುರಿ ಇರಬಹುದೇ ಎಂದು ನೀವು ಕೇಳಬಹುದು. ಟು ಬಿ ಫ್ರ್ಯಾಂಕ್, ಇರಬಹುದು. ನನಗಿತ್ತು. ಬರೆಯಲು ಕುಳಿತರೆ ಈಗಲೂ ಚುರ್ರೆನ್ನುತ್ತದೆ.

ಆಸೆ ಹುಟ್ಟಿದ್ದು ಮೈಸೂರಿನಲ್ಲಿ. ಕಾನ್ವೆಂಟಿನಲ್ಲಿ ನಮಗೆ ನೀಡಲ್‌ವರ್ಕ್ ಹೇಳಿಕೊಡುತ್ತಿದ್ದ ಸಿಸ್ಟರ್ ಜರ್ಮನಿಯವರು. ಅವರದೊಂದು ಎತ್ತರದ ಕಪ್ಪು ಸೈಕಲ್ಲು, ಊರಿನಿಂದ ಹಡಗಿನಲ್ಲಿ ತರಿಸಿಕೊಂಡದ್ದು. ಅದರ ಮುಂದಿನ ಎರಡು ಪೈಪುಗಳು ಹಂಸದ ಕತ್ತಿನ ಹಾಗೆ ಬಾಗಿ ಕೆಳಗಿಳಿಯುತ್ತಿದ್ದವು. ಹಿಂದಿನ ಚಕ್ರದ ಎರಡೂ ಬದಿಗೆ ಬಣ್ಣದ ದಾರದ ಜಾಲರಿ, ಮಡ್‌ಗಾರ್ಡಿನ ಅಂಚಿನಿಂದ ಚಕ್ರದ ನಡುವಿನವರೆಗೆ ಬೀಸಣಿಗೆ ಬಿಚ್ಚಿದಂತೆ ಹರಡಿರುತ್ತಿತ್ತು. ಸಿಸ್ಟರ್ ಉಡುತ್ತಿದ್ದ ಉದ್ದನೆಯ ಬಿಳಿ ಹ್ಯಾಬಿಟ್ಟು ಕಡ್ಡಿಗಳಿಗೆ ಸಿಕ್ಕಿಕೊಳ್ಳಬಾರದೆಂದು ಆ ಏರ್ಪಾಡು. ಒಂದು ವರ್ಷ ಜಾಲರಿ ಹರಿದು ಹೋಯಿತು. ಹೊಸದನ್ನು ಕ್ರೋಶಾ ಕಡ್ಡಿಯಲ್ಲಿ ಹೆಣೆಯಲು ಕ್ಲಾಸಿನಿಂದ ಒಬ್ಬಳನ್ನು ಆರಿಸಿದರು. ನನ್ನನ್ನಲ್ಲ. ನನ್ನ ಹೆಣಿಗೆ ಟೂ ಟೈಟ್ ಅಂತೆ. ಆ ಬೇಸಿಗೆ ರಜೆಯೆಲ್ಲ ನಾನು ಕಡ್ಡಿ ಕೆಳಗಿಡಲಿಲ್ಲ. ಮುಂದಿನ ವರ್ಷಕ್ಕೆ ಕ್ಲಾಸಿನಲ್ಲೇ ಒಳ್ಳೆಯ ಕೈ ನನ್ನದಾಯಿತು. ಆದರೆ ಆ ಹುಡುಗಿ ಹೆಣೆದ ಜಾಲರಿ ಎಷ್ಟು ಗಟ್ಟಿಯಾಗಿತ್ತೆಂದರೆ, ನಾನು ಸ್ಕೂಲು ಬಿಡುವವರೆಗೂ ಒಂದು ಎಳೆ ಹರಿಯಲಿಲ್ಲ.

ಯಜಮಾನರಿಗೆ ಜರ್ಮನಿಯ ಡ್ರೆಸ್ಡೆನ್ನಿನ ಚಿಪ್ ಕಾರ್ಖಾನೆಯಲ್ಲಿ ಕೆಲಸವಾಗಿ ನಾವು ಇಲ್ಲಿಗೆ ಬಂದಾಗ ನನಗೆ ನಲವತ್ತು ದಾಟಿತ್ತು. ಎಲ್ಬೆ ನದಿಯ ದಡದ ಹುಲ್ಲಿನಲ್ಲಿ ಬಿದ್ದೆದ್ದು ಸೈಕಲ್ ಕಲಿತೆ. ಆಮೇಲೆ ತಿಳಿಯಿತು, ಸಿಸ್ಟರ್ ಹತ್ತಿರ ಇದ್ದಂಥದಕ್ಕೆ ಇಲ್ಲಿ ಟೂರೆನ್‌ರಾಡ್ ಎನ್ನುತ್ತಾರೆ, ದೂರದ ಸವಾರಿಗೆ ಮಾಡಿದ ಸೈಕಲ್ಲು. ಈಗ ಯಾರೂ ತಯಾರಿಸುವುದಿಲ್ಲ, ಹಳೆಯದನ್ನೇ ಹುಡುಕಬೇಕು. ಹುಡುಕಿದೆ. ಫ್ಲೋಮಾರ್ಕ್ಟ್ ಎಂಬ ಶನಿವಾರದ ಸಂತೆಯಲ್ಲಿ, ಹಳೆ ಸಾಮಾನು ಮಾರುವವರ ಶೆಡ್ಡುಗಳಲ್ಲಿ, ಫೋನಿನ ಜಾಹೀರಾತುಗಳಲ್ಲಿ. ನನಗೆ ಗುರುತೆಂದರೆ ಹಿಂದಿನ ಮಡ್‌ಗಾರ್ಡಿನ ಅಂಚಿನಲ್ಲಿರುವ ಸಾಲು ಸಾಲು ಸಣ್ಣ ತೂತುಗಳು, ಜಾಲರಿಯ ದಾರ ಕಟ್ಟುವುದಕ್ಕೆ. ತೂತು ಇದ್ದರೆ ಪೈಪು ನೆಟ್ಟಗಿರುತ್ತಿತ್ತು, ಪೈಪು ಬಾಗಿದ್ದರೆ ತೂತು ಇರುತ್ತಿರಲಿಲ್ಲ. ಎರಡೂ ಇದ್ದದ್ದು ಒಂದೇ ಒಂದು ಸಲ, ಅದನ್ನು ನನ್ನ ಕಣ್ಣೆದುರೇ ಯಾರೋ ವ್ಯಾನಿಗೆ ಏರಿಸುತ್ತಿದ್ದರು. ಇಷ್ಟು ಅಲೆದಿದ್ದರೆ ಆ ಸಿಸ್ಟರನ್ನೇ ಹುಡುಕಿಬಿಡಬಹುದಿತ್ತು ಎಂದು ಯಜಮಾನರು ಹಾಸ್ಯ ಮಾಡುತ್ತಿದ್ದರು.

ಇನ್ನು ಓರಗಿತ್ತಿ. ನನ್ನ ಮೈದುನನ ಹೆಂಡತಿ, ಅರಸೀಕೆರೆ ಕಡೆಯವಳು, ನನಗಿಂತ ಚಿಕ್ಕವಳು. ಮೈದುನ ತೀರಿಕೊಂಡ ಮೇಲೆ ಮಗಳ ಜೊತೆ ಇರಲು ಇದೇ ಊರಿಗೆ ಬಂದಳು. ನಮ್ಮ ಮನೆಯಿಂದ ಎರಡು ಬೀದಿ ಆಚೆ. ಅವಳಿಗೆ ಜರ್ಮನ್ ಬರುವುದಿಲ್ಲ. ನನಗೆ ಬರುತ್ತದೆ, ಗ್ರಾಮರ್ ಸಮೇತ. ಆದರೂ ಬೇಕರಿಯ ಹೆಂಗಸಿನ ಮುಖ ಅರಳುವುದು ಅವಳನ್ನು ಕಂಡಾಗ. ನಮ್ಮ ಅತ್ತೆಯವರೂ ಅಷ್ಟೇ ಇದ್ದರು. ನನ್ನ ಹುಳಿಯಲ್ಲಿ ಉಪ್ಪು ಹುಡುಕುತ್ತಿದ್ದವರು ಅವಳ ಹುಳಿಯನ್ನು ಎರಡು ಸಲ ಬಡಿಸಿಕೊಳ್ಳುತ್ತಿದ್ದರು. ಅವಳು ಯಾವುದನ್ನೂ ಬೇಡುವವಳಲ್ಲ, ಕಿತ್ತುಕೊಳ್ಳುವವಳೂ ಅಲ್ಲ. ಎಲ್ಲವೂ ತಾನಾಗಿ ಅವಳ ಹತ್ತಿರ ನಡೆದುಕೊಂಡು ಬರುತ್ತದೆ. ಸೈಕಲ್ಲಿನ ಕಥೆಯನ್ನು ನಾನು ಅವಳಿಗೆ ಕಾಫಿ ಕುಡಿಯುತ್ತ ಎಷ್ಟೋ ಸಲ ಹೇಳಿದ್ದೆ, ಪೈಪು, ತೂತು, ಜಾಲರಿ, ಒಂದನ್ನೂ ಬಿಡದೆ.

ಅವಳ ಕಟ್ಟಡದ ಕೆಳಮನೆಯಲ್ಲಿ ಒಬ್ಬಂಟಿಯಾಗಿದ್ದ ಮುದುಕರೊಬ್ಬರು ವೃದ್ಧಾಶ್ರಮಕ್ಕೆ ಹೊರಟಿದ್ದರು. ಇವಳು ಅವರಿಗೆ ಆಗಾಗ ರವೆ ದೋಸೆ ಕೊಟ್ಟುಬರುತ್ತಿದ್ದಳು. ನೆಲಮಾಳಿಗೆಯ ಕೆಲ್ಲರ್ ಖಾಲಿ ಮಾಡುವಾಗ, ಬೇಕಾದದ್ದು ತೆಗೆದುಕೋ ಎಂದು ಅವರು ಕೈಸನ್ನೆಯಲ್ಲೇ ಇವಳನ್ನು ಕರೆದರಂತೆ. ಮೂಲೆಯಲ್ಲಿ ಹಳೆಯ ಬೆಡ್‌ಶೀಟಿನಡಿ ಅವರ ಹೆಂಡತಿಯ ಸೈಕಲ್ಲು. ಇವಳು ಮಡ್‌ಗಾರ್ಡಿನ ಅಂಚಿನ ಮೇಲೆ ಬೆರಳಾಡಿಸಿದಳಂತೆ. ತೂತುಗಳು ಸಿಕ್ಕವು.

"ಅಕ್ಕಾ, ನೀವು ಹೇಳ್ತಿದ್ರಲ್ಲ ಆ ಸೈಕಲ್ಲು, ಸಿಕ್ಕಿಬಿಡ್ತು ಬನ್ನಿ," ಎಂದು ಫೋನು ಮಾಡಿದಳು.

ಸೂಟ್‌ಕೇಸುಗಳನ್ನು ಪಕ್ಕಕ್ಕೆ ಸರಿಸಿ ನಮ್ಮ ಕೆಲ್ಲರಿನಲ್ಲಿ ಜಾಗ ಮಾಡಿ ಎಂದು ಯಜಮಾನರಿಗೆ ಹೇಳಿ, ಪರ್ಸಿನಲ್ಲಿ ಕುಂಕುಮದ ಭರಣಿ ಇಟ್ಟುಕೊಂಡು, ದಾರಿಯಲ್ಲಿ ಸೇವಂತಿಗೆ ಹೂ ಕೊಂಡು ಹೋದೆ. ಅವಳ ಮನೆಯ ಹಿಂದಿನ ಅಂಗಳದಲ್ಲಿ ಸೈಕಲ್ಲು ನಿಂತಿತ್ತು. ಧೂಳು, ತುಕ್ಕು, ಚಪ್ಪಟೆಯಾದ ಟೈರು. ಆದರೆ ಅದೇ. ಆ ಬಾಗು ಅದೇ. ಹ್ಯಾಂಡಲ್ಲಿಗೆ ಆಗಲೇ ಕುಂಕುಮ ಹಚ್ಚಿತ್ತು.

"ನೀವು ಅಷ್ಟೊಂದು ವರ್ಣಿಸ್ತಿದ್ರಲ್ಲ ಅಕ್ಕ, ಕೇಳಿ ಕೇಳಿ ನನಗೂ ಒಂದು ಇದ್ದಿದ್ರೆ ಅನ್ನಿಸಿಬಿಟ್ಟಿತ್ತು," ಎಂದಳು. "ಚಿಕ್ಕೋಳಿದ್ದಾಗ ಅಣ್ಣನ ಸೈಕಲ್ಲಲ್ಲಿ ಒಳಪೆಡ್ಲು ಹೊಡೀತಿದ್ದೆ. ಸೀಟ್ ಮೇಲೆ ಕೂತೇ ಇಲ್ಲ ನಾನು."

ನಾನು "ವಂಡರ್‌ಫುಲ್" ಎಂದೆ. ಹೂವನ್ನು ಅವಳ ಕೈಗೆ ಕೊಟ್ಟೆ.

ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ಯಜಮಾನರು ಕನ್ನಡಕದ ಮೇಲಿಂದ ನೋಡಿದರು. ಬೇಕು ಅಂತ ಬಾಯಿಬಿಟ್ಟು ಕೇಳಿದರೆ ಅವಳು ಕೊಟ್ಟೇ ಕೊಡುತ್ತಾಳೆ ಎಂದರು. ಗಂಡಸರಿಗೆ ಇದು ಅರ್ಥವಾಗುವುದಿಲ್ಲ. ನಾನು ಆ ಮನೆಯ ಹಿರಿಸೊಸೆ. ಹಬ್ಬಕ್ಕೆ ಸೀರೆ ಬಂದರೆ ಮೊದಲು ಅವಳು ಆರಿಸಿಕೊಳ್ಳಲಿ ಎಂದು ಬಿಟ್ಟು, ಉಳಿದದ್ದನ್ನು ನಗುನಗುತ್ತ ಉಟ್ಟವಳು. ಹಿರಿಯ ಓರಗಿತ್ತಿಯದು ಕೊಡುವ ಕೈ. ಅದೂ ಗಂಡನನ್ನು ಕಳೆದುಕೊಂಡು ಬಂದವಳ ಮುಂದೆ, ಅವಳಿಗೆ ಪ್ರೀತಿಯಿಂದ ಬಂದ ವಸ್ತುವಿಗೆ ನಾನು ಕೈ ಚಾಚುವುದೇ? ಐ ವುಡ್ ರಾದರ್ ಡೈ. ಆದರೆ ಆ ಸೈಕಲ್ಲು ಬೇಕೇ ಬೇಕು ಎಂಬುದೂ ಅಷ್ಟೇ ನಿಜವಾಗಿತ್ತು.

ಅದನ್ನು ಬಿಟ್ಟು ದೂರ ಇರಲಾರದೆ ರಿಪೇರಿಗೆ ನಾನೂ ಸೇರಿಕೊಂಡೆ. ವಸಂತಕಾಲವೆಲ್ಲ ನಾವಿಬ್ಬರೂ ಆ ಅಂಗಳದಲ್ಲಿ ಹಳೆಯ ಚಾಪೆ ಹಾಸಿ ಕುಳಿತೆವು. ಫೋನಿನಲ್ಲಿ ಜರ್ಮನ್ ವಿಡಿಯೋ ಹಾಕಿ ನಾನು ಅರ್ಥ ಹೇಳುವುದು, ಅವಳು ಮಾಡುವುದು. ಪೆಡಲಿನ ಕಾಟರ್ ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎರಡು ದಿನ ಎಣ್ಣೆ ಬಿಟ್ಟು, ಏಲಕ್ಕಿ ಕುಟ್ಟುವ ಕಬ್ಬಿಣದ ಕುಟ್ಟಾಣಿಯಿಂದ ಅವಳು ಒಂದೇ ಏಟಿಗೆ ಉದುರಿಸಿದಳು. ಹಿಂದಿನ ಚಕ್ರದ ಹಬ್ಬಿನ ಒಳಗೆ ಗ್ರೀಸು ಹಳೆಯ ಬೆಲ್ಲದ ಹಾಗೆ ಗಟ್ಟಿಯಾಗಿತ್ತು. ಕಡ್ಡಿಯಲ್ಲಿ ಕೆರೆದು ತೆಗೆದು, ಬೇರಿಂಗಿನ ಸಣ್ಣ ಗುಂಡುಗಳನ್ನು ಚಹಾ ಸೋಸುವ ಜರಡಿಯಲ್ಲಿ ತೊಳೆದು, ಒಂದೊಂದನ್ನೂ ಸೀರೆಯ ಸೆರಗಿನಲ್ಲಿ ಒರೆಸಿ ಕೂಡಿಸಿದೆವು. ಸೆರಗು ಅವಳದು. ನಾನು ಇಲ್ಲಿ ಪ್ಯಾಂಟು ಹಾಕುತ್ತೇನೆ. ಅವಳು ಹಿಮ ಬಿದ್ದರೂ ಸೀರೆಯೇ, ಮೇಲೊಂದು ಜಾಕೆಟ್ಟು.

ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದಾಗ ಕೊಳೆಯ ಅಡಿಯಿಂದ ಕಪ್ಪು ಬಣ್ಣ, ಅದರ ಮೇಲೆ ಕೂದಲೆಳೆಯಷ್ಟು ತೆಳುವಾದ ಚಿನ್ನದ ಗೆರೆ ಎದ್ದು ಬಂತು. ಅವಳು ಅದನ್ನು ನೋಡಿ, ಪೂರ್ತಿ ಉಜ್ಜಿಬಿಟ್ಟು ಕೆಂಪು ಬಳಿದರೆ ಚೆನ್ನ ಎಂದಳು. ಒರಿಜಿನಲ್ ಬಣ್ಣ ಮುಟ್ಟಬಾರದು, ಅದು ಪಾಪ ಎಂದೆಲ್ಲ ಹೇಳಿದೆ. ನೀವು ಹೇಳಿದ ಮೇಲೆ ಮುಗೀತು ಎಂದು ಅವಳು ಒಪ್ಪಿಕೊಂಡಳು. ಒಪ್ಪಿದ್ದಕ್ಕೂ ನನಗೆ ಸಿಟ್ಟು ಬಂತು. ಕೆಂಪು ಬಳಿದಿದ್ದರೆ ನನ್ನ ಆಸೆಯಾದರೂ ಸಾಯುತ್ತಿತ್ತು. ಈಗ ದಿನದಿಂದ ದಿನಕ್ಕೆ ಅದು ನನ್ನ ಸೈಕಲ್ಲಾಗುತ್ತಿತ್ತು, ಅವಳ ಅಂಗಳದಲ್ಲಿ.

ಹೊಸ ಟೈರು, ಹೊಸ ಚೈನು ಬಂದವು. ಚರ್ಮದ ಸೀಟಿಗೆ ಎಣ್ಣೆ ಕುಡಿಸಿದೆವು. ಉಳಿದದ್ದು ಜಾಲರಿ.

"ಇದನ್ನ ನೀವೇ ಹೆಣೆದ್ಕೊಡಬೇಕು ಅಕ್ಕ, ಕಾನ್ವೆಂಟಿನ ಕೈ ನಿಮ್ಮದು," ಎಂದಳು ಓರಗಿತ್ತಿ. "ಅದಿಲ್ದೆ ಸೀರೆ ಉಟ್ಕೊಂಡು ಹೇಗೆ ಹತ್ತಲಿ?"

ಆಗ ನನಗೆ ಹೊಳೆಯಿತು: ಜಾಲರಿ ಇಲ್ಲದೆ ಅವಳು ಹತ್ತುವಂತಿಲ್ಲ. ನಾನು ಹತ್ತಬಹುದು. ರಿಪೇರಿಯಾದ ಸೈಕಲ್ಲನ್ನು ಯಾರಾದರೂ ಓಡಿಸಿ ನೋಡಲೇಬೇಕಲ್ಲ.

ಹೀಗೆ ಶುರುವಾಯಿತು ನನ್ನ ಟೆಸ್ಟು. ಬೆಳಿಗ್ಗೆ ಹೋಗಿ ಸೈಕಲ್ಲು ತೆಗೆದುಕೊಂಡು ಎಲ್ಬೆ ದಡಕ್ಕೆ ಇಳಿಯುತ್ತಿದ್ದೆ. ಏನೆಂದು ಹೇಳಲಿ! ನನ್ನ ಈಗಿನ ಅಲ್ಯುಮಿನಿಯಂ ಸೈಕಲ್ಲು ಒಂದು ವಾಹನ, ಅಷ್ಟೇ. ಇದರ ಮೇಲೆ ಕುಳಿತರೆ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಹಿಂದಕ್ಕೆ ತುಳಿದರೆ ಬ್ರೇಕು; ಸದ್ದಿಲ್ಲದೆ, ಮರ್ಯಾದೆಯಿಂದ ನಿಲ್ಲುತ್ತಿತ್ತು. ಬೆಟ್ಟದ ಕಡೆಯ ಸೇತುವೆಯವರೆಗೆ ಹೋಗಿ, ಬೆಂಚಿನ ಮೇಲೆ ಕುಳಿತು, ಹುಲ್ಲಿನ ಮೇಲೆ ನಿಲ್ಲಿಸಿದ ಸೈಕಲ್ಲನ್ನೇ ನೋಡುತ್ತಿದ್ದೆ. ದಾರಿಹೋಕರು ನಿಂತು, ನಿಮ್ಮದೇ ಎಂದು ಕೇಳಿದರೆ "ಯಾ" ಎನ್ನುತ್ತಿದ್ದೆ. ಜರ್ಮನ್ನಿನಲ್ಲಿ ಹೇಳಿದ್ದರಿಂದ ಅಷ್ಟು ಸುಳ್ಳೆನಿಸುತ್ತಿರಲಿಲ್ಲ.

ಹಿಂತಿರುಗಿ ಬಂದಾಗ ಓರಗಿತ್ತಿ ಕಾಫಿ ಲೋಟ ಹಿಡಿದು ಹೇಗಿದೆ ಎಂದು ವಿಚಾರಿಸುತ್ತಿದ್ದಳು. ಒಂದು ದಿನ ಎಡಕ್ಕೆ ಎಳೆಯುತ್ತದೆ ಎಂದೆ. ಇನ್ನೊಂದು ದಿನ ಚೈನು ಕಿರುಗುಟ್ಟುತ್ತದೆ ಎಂದೆ. ಅವಳು ಗಂಭೀರವಾಗಿ ತಲೆಯಾಡಿಸಿ ಎಣ್ಣೆ ತರುತ್ತಿದ್ದಳು. ಜಾಲರಿ ಮಾತ್ರ ಸಾಗುತ್ತಿರಲಿಲ್ಲ. ದಾರದ ನೇರಳೆ ಬಣ್ಣ ಸರಿಯಿಲ್ಲ ಎಂದು ಬೇರೆ ತಂದೆ. ಹೆಣೆದದ್ದು ಟೈಟಾಯಿತು ಎಂದು ಬಿಚ್ಚಿದೆ. ಆ ಸೈಕಲ್ಲಿಗೆ ನಿನಗಿಂತ ಹೆಚ್ಚು ಕಾಯಿಲೆಗಳಿವೆಯಲ್ಲ ಎಂದರು ಯಜಮಾನರು. ಜಾಲರಿ ಮುಗಿದ ದಿನ ನನ್ನ ಬೆಳಗುಗಳು ಮುಗಿಯುತ್ತವೆ ಎಂಬುದು ಅವರಿಗೂ ಗೊತ್ತಿತ್ತು.

ಜೂನಿನ ಒಂದು ಶನಿವಾರ. ನಾನು ಎಂದಿನಂತೆ ಅಂಗಳಕ್ಕೆ ಹೋದೆ. ಸೈಕಲ್ಲಿನ ಪಕ್ಕದಲ್ಲಿ ಯಾರೋ ನಿಂತಿದ್ದರು, ಕಪ್ಪು ಟ್ರ್ಯಾಕ್‌ಪ್ಯಾಂಟು, ಮೇಲೆ ಹಸಿರು ಕುರ್ತಾ. ಅವಳ ಮಗಳಿರಬೇಕೆಂದುಕೊಂಡೆ. ತಿರುಗಿದಾಗ ನೋಡಿದರೆ ಓರಗಿತ್ತಿ. ಮದುವೆಯಾದಾಗಿನಿಂದ ಅವಳನ್ನು ಸೀರೆಯಲ್ಲದೆ ಬೇರೆ ಉಡುಪಿನಲ್ಲಿ ನಾನು ಕಂಡಿರಲಿಲ್ಲ. ಕಾಲುಗಳು ಎಷ್ಟು ಉದ್ದ ಅವಳಿಗೆ! ಅದಕ್ಕೂ ಹೊಟ್ಟೆ ಉರಿಯಿತು.

"ಜಾಲರಿ ಇನ್ನೆಷ್ಟಿದೆ ಅಕ್ಕ?"

"ಅರ್ಧ."

"ಹೋದ ವಾರಾನೂ ಅರ್ಧಾನೇ ಇತ್ತು." ಅವಳು ನಗುತ್ತಿದ್ದಳು. ವ್ಯಂಗ್ಯವಿರಲಿಲ್ಲ, ಅದೇ ತೊಂದರೆ. "ಕಿಟಕೀಲಿ ನಿಂತು ನೋಡ್ತಿದ್ದೆ. ಆ ಬಾಗಿಲು ದಾಟ್ತಿದ್ದ ಹಾಗೇ ನೀವು ಚಿಕ್ಕ ಹುಡುಗಿ ಆಗಿಬಿಡ್ತಿದ್ರಿ. ಇವತ್ತು ಕೇಳ್ತಾರೆ, ನಾಳೆ ಕೇಳ್ತಾರೆ ಅಂತ ಕಾದೆ."

"ಏನನ್ನ ಕೇಳೋದು?"

"ಸೈಕಲ್ಲನ್ನ. ಒಂದ್ಮಾತು ಕೇಳಿದ್ರೆ ನಾನು ಇಲ್ಲ ಅಂತಿದ್ನಾ? ಈಗಲೂ ಕೇಳಿ."

ಅಂಗಳದಲ್ಲಿ ನಾವಿಬ್ಬರೇ. ಬೇಕು ಎಂಬ ಎರಡಕ್ಷರ ನಾಲಿಗೆಯ ತುದಿಗೆ ಬಂದಿತ್ತು, ದೇವರಾಣೆ. ಅವಳ ಕೈ ಸೀಟಿನ ಮೇಲಿತ್ತು. ತೆಗೆಯಲು ತಯಾರಾಗಿದ್ದ ಕೈ. ಅವಳು ಕೊಡುವವಳು, ನಾನು ತೆಗೆದುಕೊಳ್ಳುವವಳು; ಆಮೇಲೆ ಬದುಕಿರುವಷ್ಟು ದಿನ ಆ ಸೈಕಲ್ಲು ಹತ್ತಿದಾಗೆಲ್ಲ ಅದು ಅವಳು ಕೊಟ್ಟ ಸೈಕಲ್ಲು.

"ನನಗ್ಯಾಕೆ? ನನ್ನ ಹತ್ರ ಇದೆಯಲ್ಲ ಒಂದು," ಎಂದೆ.

"ಸರಿ ಹಾಗಾದ್ರೆ," ಎಂದು ಕಾಲೆತ್ತಿ ಹಾಕಿ ಕುಳಿತಳು. ಹಿಂದಕ್ಕೆ ತುಳಿದರೆ ಬ್ರೇಕು ಎಂದು ನಾನು ಕೂಗಿ ಹೇಳುವಷ್ಟರಲ್ಲಿ ಅವಳು ಹೆಬ್ಬಾಗಿಲಿನಲ್ಲಿದ್ದಳು. ಸ್ವಲ್ಪ ವಾಲಿದಳು, ಸರಿಮಾಡಿಕೊಂಡಳು, ಬೀದಿಗೆ ತಿರುಗಿದಳು. ನನಗೆ ನಲವತ್ತು ದಾಟಿದ ಮೇಲೆ ಒಂದು ಬೇಸಿಗೆ ಪೂರ್ತಿ ಹಿಡಿದ ವಿದ್ಯೆ ಅವಳಿಗೆ ಆ ಅಂಗಳದ ಉದ್ದಕ್ಕೇ ಬಂದುಬಿಟ್ಟಿತ್ತು.

ಜಾಲರಿಯನ್ನು ಆಮೇಲೆ ಒಂದೇ ವಾರದಲ್ಲಿ ಮುಗಿಸಿದೆ. ತಡಮಾಡಲು ಕಾರಣವಿರಲಿಲ್ಲ. ಪ್ಯಾಂಟಿಗೆ ಅದರ ಅಗತ್ಯವಿಲ್ಲದಿದ್ದರೂ ಅವಳೇ ಕಟ್ಟಿಸಿಕೊಂಡಳು, ಅಕ್ಕನ ಕೈಯ ಕೆಲಸ ಎಂದು. ಹೆಣಿಗೆ ಪರ್ಫೆಕ್ಟಾಗಿದೆ, ಸಡಿಲವೂ ಅಲ್ಲ, ಬಿಗಿಯೂ ಅಲ್ಲ, ಅದನ್ನು ನಾನೇ ಹೇಳಬೇಕು. ನದಿಯ ದಡದಲ್ಲಿ ಜನ ಅವಳನ್ನು ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಾರಂತೆ. ಯಾರು ಹೆಣೆದದ್ದು ಎಂದು ಕೇಳಿದರೆ, ತನಗೆ ಬರುವ ನಾಲ್ಕು ಜರ್ಮನ್ ಮಾತುಗಳಲ್ಲಿ ನನ್ನ ಅಕ್ಕ ಎನ್ನುತ್ತಾಳಂತೆ. ಸಂಜೆ ಬಂದು ಎಲ್ಲವನ್ನೂ ವರದಿ ಒಪ್ಪಿಸುತ್ತಾಳೆ, ಯಾರು ಏನೆಂದರು, ಹೇಗೆ ಕಣ್ಣರಳಿಸಿದರು ಎಂದು.

ನಾನು ಕಾಫಿ ಸೋಸುತ್ತ ಕೇಳಿಸಿಕೊಳ್ಳುತ್ತೇನೆ. ನನ್ನ ಕೆಲಸದ ಹೊಗಳಿಕೆಯೂ ಅವಳ ಕಿವಿಗೇ ಮೊದಲು ಬೀಳುತ್ತದಲ್ಲ ಎಂದು ಆಗ ನನಗೆ ಆಗುವ ಸಂಕಟ, ಮೈ ಗಾಡ್, ಸೈಕಲ್ಲಿನದಕ್ಕಿಂತ ಹೆಚ್ಚು.