ಬಿತ್ತನೆಗೆ ಮೊದಲ ಪಾಲು

ಆ ವರ್ಷದ ಆಷಾಢದಲ್ಲಿ ನಮ್ಮೂರಿಗೆ ಜ್ವರ ಬಂದಾಗ ನಮ್ಮ ಮನೆಯ ರೇಷ್ಮೆಹುಳುಗಳೂ ಆಗಷ್ಟೇ ಜ್ವರದಿಂದ ಎದ್ದಿದ್ದವು. ಹುಳು ಮೇವು ಬಿಟ್ಟು, ತಲೆಯೆತ್ತಿ, ಪೊರೆ ಕಳಚಲು ಸುಮ್ಮನೆ ಕೂರುವುದನ್ನು ರೇಷ್ಮೆ ಸಾಕುವವರು ಜ್ವರವೆಂದೇ ಕರೆಯುತ್ತಾರೆ. ಹಾಗೆ ನಾಲ್ಕು ಸಲ ಮಲಗಿ ಎದ್ದ ಹುಳುವಿನ ಹಸಿವು ಹೇಳತೀರದು. ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ಹಾಕುತ್ತಲೇ ಇರಬೇಕು. ಸರಿಯಾಗಿ ಆ ಹೊತ್ತಿಗೆ ಮನೆಯ ಮನುಷ್ಯರೆಲ್ಲ ಮಲಗಿಬಿಟ್ಟೆವು.

ಪೇಟೆಯವರು ಅದನ್ನು ಫ್ಲೂ ಎಂದರು. ಸಮುದ್ರದಾಚೆಯಿಂದ ಹಡಗಿನಲ್ಲಿ ಬಂದ ಪಿಡುಗು, ಲೋಕಕ್ಕೆಲ್ಲ ಹಬ್ಬಿದೆ ಎಂದು ಪತ್ರಿಕೆಯಲ್ಲಿ ಬಂದಿತ್ತಂತೆ. ಚಂದಕವಾಡಿ ಹೋಬಳಿಯ ನಮ್ಮ ಊರಲ್ಲಿ ಅದಕ್ಕೆ ಹೆಸರಿಡುವಷ್ಟು ತ್ರಾಣವೂ ಯಾರಿಗೂ ಉಳಿದಿರಲಿಲ್ಲ. ಮೊದಲು ಮಾವ, ಆಮೇಲೆ ನನ್ನ ಗಂಡ, ಅವರ ಹಿಂದೆಯೇ ನಾನು. ಅತ್ತೆಯೊಬ್ಬರೇ ಎರಡು ದಿನ ಹೆಚ್ಚು ನಿಂತರು. ಆಮೇಲೆ ಅವರಿಗೂ ಮೈ ಸುಡತೊಡಗಿತು. ಗೋಡೆ ಹಿಡಿದುಕೊಂಡು ಹುಳುಮನೆಗೆ ಹೋಗಿ, ಮಡಿಲಲ್ಲಿದ್ದ ಬಾಡಿದ ಸೊಪ್ಪನ್ನು ಉದುರಿಸಿ, ಅಲ್ಲೇ ಹುಳು ಸಾಕುವ ಬಿದಿರು ತಟ್ಟೆಗಳ ಕೆಳಗೆ ಒರಗಿದ್ದನ್ನು ನಾನು ಮಲಗಿದ್ದಲ್ಲಿಂದಲೇ ಕಂಡೆ. ಎದ್ದುಹೋಗಿ ಎಬ್ಬಿಸಲು ನನ್ನಿಂದಾಗಲಿಲ್ಲ.

ನಾವು ಉಳಿದೆವು. ಎದುರು ಮನೆಯ ಅಜ್ಜಿ ಉಳಿಯಲಿಲ್ಲ. ಹುಳುಗಳಂತೂ ಒಂದೂ ಉಳಿಯಲಿಲ್ಲ. ಗೂಡು ಕಟ್ಟಬೇಕಾಗಿದ್ದವನ್ನು ಮಂಕರಿಯಲ್ಲಿ ತುಂಬಿ ತಿಪ್ಪೆಗೆ ಸುರಿದು ಬಂದ ದಿನ ಅತ್ತೆ ಖಾಲಿ ತಟ್ಟೆಗಳನ್ನು ಒಂದೊಂದೇ ತೊಳೆದು ಮತ್ತೆ ಏರಿಸಿಟ್ಟರು.

ಮುಂದಿನ ಬೆಳೆಗೆ ಮೊಟ್ಟೆ ತರೋಣವೆಂದರೆ ಎಲ್ಲೂ ಸಿಗಲಿಲ್ಲ. ಬಿತ್ತನೆಗೆಂದು ಒಳ್ಳೆಯ ಗೂಡು ಎತ್ತಿಡುತ್ತಿದ್ದ ಮನೆಗಳಲ್ಲೂ ಜನ ಮಲಗಿದ್ದರು, ಹುಳು ಸತ್ತಿದ್ದವು. ಎಲ್ಲಿಂದಲೋ ತಂದ ಮೊಟ್ಟೆಯಲ್ಲಿ ಗಂಟುರೋಗ ಸೇರಿಕೊಂಡು ಮರಿಗಳು ಕಪ್ಪಾಗಿ ಬಿದ್ದವು. ದಸರೆ ಕಳೆಯಿತು, ದೀಪಾವಳಿ ಕಳೆಯಿತು. ಹೊಲದಲ್ಲಿ ಹಿಪ್ಪುನೇರಳೆ ಸೊಂಪಾಗಿ ಬೆಳೆದು ನಿಂತಿದ್ದರೂ ತಿನ್ನುವ ಬಾಯಿಲ್ಲದೆ ಅದನ್ನು ಕುಯ್ದು ಮೇಕೆಗಳಿಗೆ ಹಾಕಿದೆವು. ನೂಲು ಬಿಚ್ಚುವ ಹೆಂಗಸರು ಕೂಲಿ ಹುಡುಕಿಕೊಂಡು ಅರಿಸಿನದ ಹೊಲಗಳಿಗೆ ಹೋದರು.

ಸಂಕ್ರಾಂತಿ ಕಳೆದ ಮೇಲೆ ನನ್ನ ಗಂಡ ಚಾಮರಾಜನಗರದಿಂದ ಒಂದು ಸುದ್ದಿ ತಂದರು. ಜ್ವರದಿಂದ ಕೈಸೋತ ಸೀಮೆಗಳನ್ನು ಎತ್ತಿ ನಿಲ್ಲಿಸಲು ಈ ಸಲದ ಬಜೆಟ್ಟಿನಲ್ಲಿ ಹಣ ಇಡುತ್ತಾರಂತೆ, ಯಾವುದಕ್ಕೆ ಮೊದಲು ಕೊಡಬೇಕೆಂದು ಕೇಳಲು ಮಂತ್ರಿಗಳೊಬ್ಬರು ಪ್ರವಾಸಿ ಬಂಗಲೆಗೆ ಬರುತ್ತಾರಂತೆ, ಪೇಟೆಯ ಹಿರಿಯರೆಲ್ಲ ಸೇರುತ್ತಾರಂತೆ.

"ಬಜೆಟ್ಟು ಅಂದ್ರ ಏನಮ್ಮಿ?" ಎಂದು ಅತ್ತೆ ನನ್ನನ್ನು ಕೇಳಿದರು. ಗುಂಡ್ಲುಪೇಟೆಯಲ್ಲಿ ನಾಲ್ಕಕ್ಷರ ಕಲಿತವಳೆಂದು ಇಂಥವನ್ನೆಲ್ಲ ನನ್ನನ್ನೇ ಕೇಳುತ್ತಿದ್ದರು.

"ಸುಗ್ಗಿ ಆದ್ಮೇಲ ನೀವು ರಾಗಿಯ ಪಾಲು ಮಾಡ್ತೀರಲ್ಲ ಅತ್ತೆಮ್ಮ. ಇದು ಉಣ್ಣಕ, ಇದು ಬಿತ್ತನ್ಗ, ಇದು ನೆಂಟ್ರಿಗ ಅಂತ. ಸರ್ಕಾರ ಅಂಗ ಮಾಡದು."

"ಅದ್ಕ ಇಷ್ಟೊಂದ್ ಜನ ಸೇರ್ಬೇಕಾ? ಓಗ್ಲಿ, ಪೇಟೆಯೋರು ಏನ ಕೇಳಾರು?"

"ರಸ್ತೆ ಅಗಲ ಮಾಡ್ಸಿ ಅಂತಾರಂತೆ, ಒಂದು ದೊಡ್ಡ ಸಭಾಂಗಣ ಬೇಕು ಅಂತಾರಂತೆ," ಎಂದರು ನನ್ನ ಗಂಡ.

"ನಮ್ಮ ಉಳ ಸತ್ತೋದ್ದ ಯಾರ್ ಏಳಾರು?"

ಅತ್ತೆ ಎದ್ದು ಸೆರಗು ಬಿಗಿದುಕೊಂಡರು. "ಅಂಗಾರ ನಾವೇ ಓಗನ. ಗಾಡಿ ಕಟ್ಸಿ," ಎಂದರು.

ಮಾವನಿಗೆ ಇದು ಹಿಡಿಸಲಿಲ್ಲ. ಹೆಂಗಸರು ಮಂತ್ರಿಯ ಮುಂದೆ ಹೋಗಿ ನಿಲ್ಲುವುದೇ ಎಂದು ಗೊಣಗಿದರು. ಆದರೆ ಅವರೇ ಎತ್ತುಗಳಿಗೆ ನೀರು ಕುಡಿಸಿ ನೊಗ ಏರಿಸಿದರು. ಹೊರಡುವ ಮುಂಚೆ ಅತ್ತೆ ಹುಳುಮನೆಯ ಬಿದಿರಿನ ತಟ್ಟೆಗಳನ್ನೆಲ್ಲ ಇಳಿಸಿ ಗಾಡಿಗೆ ಹೇರಿಸಿದರು. ಅದನ್ನು ನೋಡಿ ಉಳಿದ ಮನೆಯವರೂ ತಮ್ಮ ತಮ್ಮ ತಟ್ಟೆಗಳನ್ನು ತಂದರು. ಹಾದಿಯುದ್ದಕ್ಕೂ ಬೇರೆ ಊರುಗಳ ಹೆಂಗಸರು "ಎಲ್ಗ ಓಯ್ತಿದ್ದೀರಿ?" ಎಂದು ಕೇಳಿ, ಸಂಗತಿ ತಿಳಿದು, ತಾವೂ ತಟ್ಟೆ ಹೊತ್ತುಕೊಂಡು ಹಿಂದೆ ಬಂದರು. ಚಾಮರಾಜನಗರ ಮುಟ್ಟುವ ಹೊತ್ತಿಗೆ ನಮ್ಮದು ಒಂದು ದಿಬ್ಬಣದಷ್ಟಾಗಿತ್ತು.

ಬಂಗಲೆಯ ಜವಾನ ಗೇಟಿನಲ್ಲೇ ತಡೆದ. ಹೇಳಿ ಕಳಿಸಿದವರಿಗೆ ಮಾತ್ರ ಒಳಗೆ ಪ್ರವೇಶವಂತೆ. ಅತ್ತೆ ಅವನೊಡನೆ ಜಗಳಕ್ಕೆ ಹೋಗಲಿಲ್ಲ. ಗೇಟಿನ ಹೊರಗೆ, ರಸ್ತೆಯ ಪಕ್ಕದಲ್ಲಿ ತಟ್ಟೆಗಳನ್ನು ಒಂದರ ಪಕ್ಕ ಒಂದು ಹಾಸಿಸಿದರು. ಬೇಲಿಯುದ್ದಕ್ಕೂ, ಗೇಟಿಗೂ ಅಡ್ಡಲಾಗಿ, ಖಾಲಿ ತಟ್ಟೆಗಳು. ಅವುಗಳ ಹಿಂದೆ ನಾವು ಕೂತೆವು. ಸಭೆ ಮುಗಿಸಿಕೊಂಡು ಮಂತ್ರಿಗಳ ಕಾರು ಹೊರಟಾಗ ಅದಕ್ಕೆ ನಿಲ್ಲದೆ ಬೇರೆ ದಾರಿಯಿರಲಿಲ್ಲ.

ಖಾದಿ ಕೋಟು ತೊಟ್ಟ ವಯಸ್ಸಾದ ಮನುಷ್ಯ ಕೆಳಗಿಳಿದರು. ಅವರಿಗೂ ಜ್ವರ ಬಂದು ಹೋಗಿತ್ತೋ ಏನೋ, ಕೆನ್ನೆ ಇಳಿದಿತ್ತು. "ಏನಮ್ಮ ಇದು, ತಟ್ಟೆ ಮಾರುವುದಕ್ಕೆ ಬಂದಿದ್ದೀರಾ?" ಎಂದು ಕೇಳಿದರು.

"ಮಾರಕಲ್ಲ ಸ್ವಾಮಿ, ತೋರ್ಸಕ ಬಂದಿವಿ. ಜ್ವರ ಓದ್ಮೇಲ ನಮ್ ಊರುಗೊಳೆಲ್ಲ ಇಂಗವ," ಎಂದರು ಅತ್ತೆ.

"ಗಂಜಿ ಕೇಂದ್ರ ತೆರೆಸೋಣವೆಂದು ಯೋಚನೆಯಿದೆಯಮ್ಮ."

"ಗಂಜಿ ಬ್ಯಾಡಿ. ಇವತ್ತು ಕುಡುದ್ರ ನಾಳ್ಕ ಮತ್ತ ಬೇಕು. ನಮ್ಗ ಮೊಟ್ಟೆ ಕೊಡ್ಸಿ, ರೋಗ ಇಲ್ದಿರ ಮೊಟ್ಟೆ. ತಿಂಗ್ಳೊಪ್ಪತ್ತಲ್ಲಿ ನಾವೇ ಉಂಡು ನಾಕ್ ಜನ್ಕ ಇಕ್ತೀವಿ."

"ರಸ್ತೆ ಬೇಡವೇ ಹಾಗಾದರೆ?"

"ಬೇಕು ಸ್ವಾಮಿ. ಜ್ವರಕ್ಕ ಸೂಜಿ ಆಕೋರೂ ಬೇಕು. ಆದ್ರ ಮನೇಲಿ ಕಾಳು ಕಮ್ಮಿ ಆದಾಗ ನಾನು ಮೊದ್ಲು ಬಿತ್ತನ್ಗ ಎತ್ತಿ ಮಡುಗ್ತೀನಿ, ಆಮ್ಯಾಲ ಮಿಕ್ಕಿದ್ದು. ನೀವೂ ಅಂಗ ಮಾಡಿ ಅಂತ ಏಳಕ ಬಂದಿವಿ."

ಮಂತ್ರಿಗಳು ನಗಲಿಲ್ಲ. ಬಗ್ಗಿ ಒಂದು ತಟ್ಟೆ ಎತ್ತಿಕೊಂಡು ಪಕ್ಕದವರ ಕಡೆ ತಿರುಗಿದರು. ಅವರ ಪಕ್ಕದಲ್ಲಿದ್ದ ರೇಷ್ಮೆ ಇಲಾಖೆಯ ಇನ್ಸ್‌ಪೆಕ್ಟರು ಕೈಮುಗಿದು, ಮೊಟ್ಟೆ ತಯಾರಿಸುವ ಕೇಂದ್ರ ಆಗಬೇಕೆನ್ನುವುದು ನಿಜ, ಆದರೆ ಈ ಕಡೆ ನೀರೋಗಿ ಬಿತ್ತನೆ ಗೂಡೇ ಉಳಿದಿಲ್ಲ, ಕೇಂದ್ರ ಕಟ್ಟಿಸಿದರೂ ಬೀಗ ಹಾಕಿಕೊಂಡು ಕೂರಬೇಕಾಗುತ್ತದೆ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಊರೂರು ಸುತ್ತಿ ಹುಡುಕಿ ಸೋತಿದ್ದವರು ಅವರು.

"ನೀರೋಗಿ ಗೂಡು ಸಿಕ್ಕರೆ?" ಎಂದು ಮಂತ್ರಿಗಳು ಕೇಳಿದರು.

"ಸಿಕ್ಕರೆ ನಾನೇ ಪರೀಕ್ಷೆ ಮಾಡಿ ಬರೆದು ಕಳಿಸುತ್ತೇನೆ ಸ್ವಾಮಿ."

"ಬಜೆಟ್ಟು ಸಿದ್ಧವಾಗುವುದರೊಳಗೆ ಕಳಿಸಿ. ಮಿಕ್ಕದ್ದು ನನ್ನ ಜವಾಬ್ದಾರಿ."

ಆಗಲೇ ನನ್ನ ಬಾಯಿಂದ ಮಾತು ಹೊರಟಿತು. ಅಷ್ಟು ಜನರ ಮುಂದೆ ನಾನು ಅದುವರೆಗೆ ಮಾತಾಡಿದವಳೇ ಅಲ್ಲ. "ನಮ್ಮ ತವರಲ್ಲಿ ಸಿಗುತ್ತೆ ಸ್ವಾಮಿ. ಗುಂಡ್ಲುಪೇಟೆಯಿಂದ ಆಚೆ, ಕೇರಳದ ದಾರಿಯ ಮದ್ದೂರಿನ ಕಾಡಂಚು. ಅಲ್ಲಿಗೆ ಜ್ವರ ಹೋಗಿಲ್ಲ, ಹುಳು ಚೆನ್ನಾಗಿವೆ ಅಂತ ಮೊನ್ನೆ ಸಂಕ್ರಾಂತಿಗೆ ಬಂದ ಅಣ್ಣ ಹೇಳಿದ," ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ಅತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟರು.

ಮಾರನೆಯ ದಿನವೇ ಬಸ್ಸು ಹತ್ತಿದೆ. ಗುಂಡ್ಲುಪೇಟೆಯಲ್ಲಿ ಇಳಿದು, ಸೌದೆ ಗಾಡಿಯೊಂದರಲ್ಲಿ ಕೂತು, ಕಡೆಯ ಹಾದಿಯನ್ನು ನಡೆದು ತವರು ಸೇರಿದೆ. ಕಾಡಂಚಿನ ಆ ಹಳ್ಳಿಗೆ ಹೊರಗಿನವರು ಬರುವುದೇ ಅಪರೂಪ, ಹಾಗಾಗಿ ಪಿಡುಗೂ ಅತ್ತ ತಲೆಹಾಕಿರಲಿಲ್ಲ. ಅವ್ವನ ಹುಳುಮನೆಯ ಬಾಗಿಲು ತೆಗೆದರೆ ಚಂದ್ರಿಕೆಗಳ ತುಂಬ ಗೂಡು. ಬಿದಿರಿನ ಆ ಚಾಪೆಗಳ ಸುತ್ತುಗಳಲ್ಲಿ ಹಳದಿ ಗೂಡುಗಳು ಒತ್ತೊತ್ತಾಗಿ ಕೂತಿದ್ದವು. ಎಷ್ಟೋ ತಿಂಗಳಿಂದ ನಾನು ಅಂಥದ್ದನ್ನು ಕಂಡಿರಲಿಲ್ಲ. ಅಲ್ಲೇ ನಿಂತು ಅತ್ತುಬಿಟ್ಟೆ.

ಅವ್ವ ಗಾಬರಿಯಾದಳು. "ಯಾಕಮ್ಮಿ, ಗಂಡನ ಮನೇಲಿ ಏನಾರ ಅಂದ್ರಾ?"

"ಇಲ್ಲ ಕಣವ್ವಾ. ಗೂಡು ಬೇಕು, ಅದ್ಕೇ ಬಂದಿ."

ಎಲ್ಲ ಹೇಳಿದೆ. ಅವ್ವನೂ ಅತ್ತಿಗೆಯೂ ಕೂತು, ಒಂದೊಂದೇ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಗಟ್ಟಿಯಾದವನ್ನು ಆರಿಸಿ ಅಗಲವಾದ ಬುಟ್ಟಿಯಲ್ಲಿ ತೆಳ್ಳಗೆ ಹರಡಿದರು. "ಬಿಸ್ಲು ತಾಕ್ಸ್ಬ್ಯಾಡ, ಒತ್ತಿ ತುಂಬ್ಬ್ಯಾಡ. ಒಳಗ ಉಸ್ರಾಡ್ತಾ ಇರ್ತದ," ಎಂದು ಅವ್ವ ಹೇಳಿದಳು.

ಹಿಂತಿರುಗುವಾಗ ಗುಂಡ್ಲುಪೇಟೆಯ ಬಸ್ಸಿನ ಕಂಡಕ್ಟರ್ ಬುಟ್ಟಿ ಕಂಡ ಕೂಡಲೇ, "ಅದ ಮ್ಯಾಕ್ಕ ಆಕಮ್ಮಿ, ಇಲ್ಲಿ ಕಾಲಿಡಕ ಜಾಗ ಇಲ್ಲ," ಎಂದ.

"ಮ್ಯಾಲ ಬಿಸ್ಲು ಕಣಣ್ಣ. ಒಳಗ ಜೀವ ಅದ."

"ಕೋಳಿನಾ?"

"ಅಲ್ಲ, ಚಿಟ್ಟೆ."

ಬಸ್ಸಿಗೆ ಬಸ್ಸೇ ನಕ್ಕಿತು. "ಚಿಟ್ಟೆಗೂ ಟಿಕೀಟು ಅರೀಲಾ," ಎಂದು ಹಿಂದಿನ ಸೀಟಿನವನೊಬ್ಬ ಕೂಗಿದ. ನಾನು ಬುಟ್ಟಿಯನ್ನು ಬಿಡಲಿಲ್ಲ. ಚಾಮರಾಜನಗರ ಸೀಮೆಯ ಹೆಂಗಸರೆಲ್ಲ ಈ ಬುಟ್ಟಿಗೆ ಕಾದು ಕೂತಿದ್ದಾರೆ, ಬೇಕಾದರೆ ನನ್ನನ್ನೇ ಟಾಪಿನ ಮೇಲೆ ಹಾಕಿ ಎಂದೆ. ನಗು ನಿಂತಿತು. ಕೇರಳದ ಕಡೆಯಿಂದ ಬಂದಿದ್ದ ಶುಂಠಿ ವ್ಯಾಪಾರಿಯೊಬ್ಬರು ಎದ್ದು ತಮ್ಮ ಜಾಗ ಕೊಟ್ಟರು. ನೆರಳಿನ ಕಡೆಯ ಸೀಟು. ತಮ್ಮ ಹೆಗಲಿನ ತೋರ್ತು, ಅವರ ಕಡೆಯ ತೆಳು ಟವಲು, ತೆಗೆದು ಕಿಟಕಿಗೆ ಮರೆ ಕಟ್ಟಿದರು. ದಾರಿಯುದ್ದಕ್ಕೂ ಬುಟ್ಟಿ ನನ್ನ ತೊಡೆಯ ಮೇಲಿತ್ತು. ಗುಂಡಿ ಬಂದಾಗಲೆಲ್ಲ ಅದನ್ನು ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದೆ. ತುಸು ಹೊತ್ತಿನಲ್ಲಿ ಕಂಡಕ್ಟರನೇ ಡ್ರೈವರಿಗೆ "ನಿಧಾನ ಕಣ್ಲಾ, ಬಾಣಂತಿ ಅವಳ ಬಸ್ನಲ್ಲಿ," ಎಂದು ಕೂಗಿದ.

ಇನ್ಸ್‌ಪೆಕ್ಟರ ಕಚೇರಿಯ ತಂಪಾದ ಕೋಣೆಯಲ್ಲಿ ಗೂಡುಗಳನ್ನು ಹರಡಿದೆವು. ಕೆಲವು ದಿನಗಳಲ್ಲಿ ಅವನ್ನು ಸೀಳಿಕೊಂಡು ಬಿಳಿಯ ಚಿಟ್ಟೆಗಳು ಹೊರಬಂದವು, ಕಾಗದದ ಮೇಲೆ ಮೊಟ್ಟೆಯಿಟ್ಟವು. ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಂಟುರೋಗ ಇದೆಯೋ ಇಲ್ಲವೋ ತಿಳಿಯುತ್ತದೆ. ಇನ್ಸ್‌ಪೆಕ್ಟರು ಬಹಳ ಹೊತ್ತು ನೋಡಿದರು. ಇನ್ನೊಂದು, ಮತ್ತೊಂದು. ಅತ್ತೆ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದರು. ಕೊನೆಗೆ ಇನ್ಸ್‌ಪೆಕ್ಟರು ಕುರ್ಚಿ ಹಿಂದಕ್ಕೆ ಸರಿಸಿ, ಮುಖವೆಲ್ಲ ಅರಳಿಸಿಕೊಂಡು, "ಅಮ್ಮಾ, ನಿರ್ಮಲವಾಗಿದೆ! ಒಂದರಲ್ಲೂ ರೋಗವಿಲ್ಲ!" ಎಂದರು. ಅವರಿಗೆ ನಮಗಿಂತ ಹೆಚ್ಚು ಸಂತೋಷವಾದಂತಿತ್ತು. ಅವತ್ತೇ ಬೆಂಗಳೂರಿಗೆ ತಂತಿ ಕೊಟ್ಟರು.

ಬಜೆಟ್ಟು ಮಂಡನೆಯಾದ ಸಂಜೆ ಊರಿಗೆ ಊರೇ ಪಂಚಾಯಿತಿ ಕಟ್ಟೆಯ ರೇಡಿಯೋ ಮುಂದೆ ಸೇರಿತ್ತು. ರೇಡಿಯೋ ಗೊರಗೊರ ಎನ್ನುತ್ತಿತ್ತು. ಜ್ವರದಿಂದ ನೊಂದ ಜನ ಮತ್ತೆ ತಮ್ಮ ಕಾಲ ಮೇಲೆ ನಿಲ್ಲಬೇಕಾಗಿದೆ, ಆದ್ದರಿಂದ ಈ ವರ್ಷ ಆಸ್ಪತ್ರೆಗಳಿಗೂ ಬಿತ್ತನೆಗೂ ಮೊದಲ ಪಾಲು, ದೊಡ್ಡ ಕಟ್ಟಡಗಳು ಆಮೇಲೆ ಎಂದು ವಾರ್ತೆ ಓದುವವರು ಹೇಳಿದರು. ಆಮೇಲೆ ಊರುಗಳ ಹೆಸರು ಬಂದವು. ಗುಂಡ್ಲುಪೇಟೆಯ ಹಳ್ಳಿಗಳಿಗೆ ಓಡಾಡುವ ದವಾಖಾನೆ. ಚಾಮರಾಜನಗರದಲ್ಲಿ ರೇಷ್ಮೆ ಮೊಟ್ಟೆ ಕೇಂದ್ರ.

ಮುಂದಿನದು ನಮಗೆ ಕೇಳಿಸಲೇ ಇಲ್ಲ. ಕಟ್ಟೆಯ ಮೇಲಿದ್ದವರೆಲ್ಲ ಎದ್ದು ಕೂಗುತ್ತಿದ್ದರು. ಯಾರೋ ತಮಟೆ ತಂದರು. ಹೆಂಗಸರು ಹೋಗುವುದೇ ಎಂದು ಗೊಣಗಿದ್ದ ಮಾವ, ಸಿಕ್ಕಸಿಕ್ಕವರ ಭುಜ ಹಿಡಿದು, "ನಮ್ಮವಳು ಏಳಿದ್ದು ಅದು! ಅವಳು ಏಳ್ದಂಗೇ ಮಾಡವ್ರ ಕಣ್ಲಾ!" ಎನ್ನುತ್ತ ತಿರುಗಿದರು. ಅತ್ತೆ ಮಾತ್ರ ನನ್ನ ಕೆನ್ನೆ ಸವರಿ, "ಬಾ, ಇಪ್ಪುನೇರಳೆ ಗಿಡದ ಬುಡಕ್ಕ ಮಣ್ಣು ಕೊಡ್ಬೇಕು," ಎಂದರು.

ಯುಗಾದಿ ಕಳೆದು ಕೇಂದ್ರ ತೆರೆಯಿತು, ನಮ್ಮ ತವರಿನ ಕಡೆಯಿಂದ ಅಲ್ಲಿಗೆ ಬಿತ್ತನೆ ಗೂಡು ಹೋಯಿತು. ಮೊದಲ ಮಳೆ ಬಿದ್ದು ಸೊಪ್ಪು ಚಿಗುರಿದಾಗ ಮನೆಮನೆಗೂ ಮೊಟ್ಟೆ ಬಂತು. ಈ ಸಲದ ಹುಳುಗಳು ನಾಲ್ಕು ಸಲವೂ ಮಲಗಿ ಎದ್ದವು. ಅವು ಸೊಪ್ಪು ಮೇಯುವ ಸದ್ದಿಗೆ ನಮಗೆ ಮಾತು ಕೇಳುತ್ತಿರಲಿಲ್ಲ. ಮೈ ಹಣ್ಣಾಗಿ ಹೊಳೆಯತೊಡಗಿದ ಹುಳುಗಳನ್ನು ಚಂದ್ರಿಕೆಗೆ ಬಿಡಲು ಕೈ ಸಾಲದೆ, ಗಂಡಸರೂ ಹೊಲ ಬಿಟ್ಟು ಬಂದು ಕೂತರು.

ಗೂಡು ತುಂಬಿದ ಗಾಡಿಗಳು ಚಾಮರಾಜನಗರಕ್ಕೆ ಹೋದ ದಿನ ವ್ಯಾಪಾರಿಗಳು ಊರಾಚೆಗೇ ಬಂದು ಎದುರುಗೊಂಡರು. ಗೂಡು ಮುಟ್ಟಿ ನೋಡಿ ಯಾರೂ ಬೆಲೆ ಇಳಿಸುವ ಮಾತಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಾಡಿಗಳು ಬರಿದಾದವು. ಅರಿಸಿನದ ಕೂಲಿಗೆ ಹೋಗಿದ್ದ ನೂಲು ಬಿಚ್ಚುವವರು ವ್ಯಾಪಾರಿಗಳ ಹಿಂದೆಯೇ ನಡೆದುಕೊಂಡು ಕೆಲಸಕ್ಕೆ ಹೋದರು.

ನಾವು ಬುತ್ತಿ ಬಿಚ್ಚಲು ಮರದ ನೆರಳು ಹುಡುಕುತ್ತಿದ್ದೆವು. ಅತ್ತೆ ರಸ್ತೆಯಾಚೆಯ ಹೋಟೆಲನ್ನು ನೋಡುತ್ತ ನಿಂತರು. ನಮ್ಮ ಕಡೆಯ ಹೆಂಗಸರು ಆಗ ಹೋಟೆಲಿನ ಹೊಸ್ತಿಲು ತುಳಿದವರಲ್ಲ.

"ಬನ್ನಿ, ಒಳಕ್ಕ ಓಗನ," ಎಂದರು.

ಒಳಗೆ ಕಾಫಿ ಹೀರುತ್ತಿದ್ದ ಗಂಡಸರು ಲೋಟ ಹಿಡಿದ ಹಾಗೇ ನಮ್ಮನ್ನು ನೋಡಿದರು. ನಾವು ಬೆಂಚುಗಳ ಮೇಲೆ ಒತ್ತಿಕೊಂಡು ಕೂತೆವು. ಮಾಣಿ ಓಡಿಬಂದು, "ಏನ್ ಕೊಡ್ಲಿ ಅವ್ವಾರೆ?" ಎಂದ. ಅತ್ತೆ ಪಕ್ಕದ ಮೇಜಿನಲ್ಲಿ ಹೊಂಬಣ್ಣಕ್ಕೆ ಸುರುಳಿಯಾಗಿ ಕೂತಿದ್ದುದನ್ನು ಬೆರಳು ಮಾಡಿ ತೋರಿಸಿದರು.

"ಅದೇನೋ ಗೊತ್ತಿಲ್ಲ ಕಣಪ್ಪ. ಎಲ್ರಿಗೂ ಒಂದೊಂದು ತಕ್ಕಬಾ."

ಮಸಾಲೆ ದೋಸೆ ಬಂತು. ಮೊದಲ ತುತ್ತಿಗೇ ಒಳಗಿನ ಪಲ್ಯ ಬಿಸಿಯಾಗಿ ನಾಲಗೆ ಸುಟ್ಟುಕೊಂಡು ಅತ್ತೆ ಬಾಯಿ ಬಿಟ್ಟು ಕೈ ಬೀಸಿಕೊಂಡರು, ನಾವೆಲ್ಲ ಜೋರಾಗಿ ನಕ್ಕೆವು. ಕಾಫಿ ಹೀರುತ್ತಿದ್ದವರೂ ನಕ್ಕರು. ಅತ್ತೆ ಕಣ್ಣೊರೆಸಿಕೊಂಡು, ನೀರು ಕುಡಿದು, ಮಾಣಿಯನ್ನು ಕರೆದು ಇನ್ನೊಂದು ತರಲು ಹೇಳಿದರು.