ನಾಲ್ಕನೇ ರ‍್ಯಾಮ್

ಪೆನ್ಸಿಲ್ ಅಳಿಸುವ ರಬ್ಬರಿಗೆ ಎರಡು ವಾಸನೆ. ಅಂಗಡಿಯಿಂದ ತಂದ ದಿನದ ಸೆಂಟಿನ ವಾಸನೆ ಒಂದು, ಗಟ್ಟಿಯಾಗಿ ಉಜ್ಜಿ ಉಜ್ಜಿ ಬಿಸಿಯಾದಾಗ ಏಳುವ ವಾಸನೆ ಇನ್ನೊಂದು. ಕಳೆದ ವಾರ ನನ್ನ ಮೂಗಿಗೆ ಬಡಿದದ್ದು ಆ ಎರಡನೆಯದು. ಬದನಗುಪ್ಪೆಯಲ್ಲಿರುವ ನಮ್ಮ ಕಾರ್ಖಾನೆಯ ಸ್ಟೋರ್ಸ್ ಆಫೀಸಿನಲ್ಲಿ, ಕಂಪ್ಯೂಟರಿನ ಹೊಟ್ಟೆ ಬಿಚ್ಚಿಟ್ಟುಕೊಂಡು ನೆಲದ ಮೇಲೆ ಕೂತು, ರ‍್ಯಾಮ್ ಪಟ್ಟಿಯ ಹಳದಿ ಅಂಚನ್ನು ರಬ್ಬರಿನಿಂದ ತಿಕ್ಕುತ್ತಿದ್ದೆ. ಕಂಪ್ಯೂಟರು ಕೆಲಸ ಮಾಡುವಷ್ಟು ಹೊತ್ತು ಎಲ್ಲವನ್ನೂ ನೆನಪಿಟ್ಟುಕೊಳ್ಳುವುದು ಗೇಣುದ್ದವೂ ಇಲ್ಲದ ಆ ಹಸಿರು ಪಟ್ಟಿಯಲ್ಲೇ. ವಾಸನೆ ಬಂದದ್ದೇ ನನ್ನ ಕೈ ನಿಂತುಹೋಯಿತು.

ಹಿಂದಿನ ವಾರವಷ್ಟೇ ನಮ್ಮ ಎಲ್ಲ ಕಂಪ್ಯೂಟರುಗಳಿಗೂ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಸಿದ್ದರು. ಅಂದಿನಿಂದ ನನ್ನ ಪಕ್ಕದ ಮೇಜಿನದು ಗಂಟೆಗೊಂದು ಸಲ ನೀಲಿ ಪರದೆ ತೋರಿಸಿ, ಮೆಮೊರಿ ಎರರ್ ಎಂದು ಇಂಗ್ಲಿಷಿನಲ್ಲಿ ಗೋಳಾಡಿ, ಆರಿಹೋಗುತ್ತಿತ್ತು. ಸಿಸ್ಟಂ ಹಾಕಿಹೋಗಿದ್ದ ಗುತ್ತಿಗೆಯ ಹೆಣ್ಣುಮಗಳನ್ನು ಮ್ಯಾನೇಜರು ಫೋನಿನಲ್ಲಿ ತರಾಟೆಗೆ ತೆಗೆದುಕೊಂಡಿದ್ದರು. ಅವಳದ್ದೇ ತಪ್ಪು, ಇನ್ನು ಅವಳನ್ನು ಕರೆಸುವುದಿಲ್ಲ ಎನ್ನುವವರೆಗೂ ಹೋಯಿತು. ನನಗೆ ಸಿಟ್ಟು ಬೇಗ ಬರುತ್ತದೆ, ಅದು ಆಫೀಸಿಗೆಲ್ಲ ಗೊತ್ತು. ಎದ್ದು ನಿಂತು, ಒಂದು ದಿನ ಬಿಡಿ ಸಾರ್, ನೋಡಿ ಹೇಳುತ್ತೇನೆ, ಆಮೇಲೆ ಯಾರನ್ನು ಬೈಯಬೇಕೋ ಬೈಯಿರಿ ಅಂದುಬಿಟ್ಟೆ. ಅಂದಮೇಲೆ ಮಾಡಬೇಕಲ್ಲ. ಸ್ಟೇಷನರಿ ಡಬ್ಬಿಯಿಂದ ರಬ್ಬರು ತೆಗೆದುಕೊಂಡು ಕೂತೆ.

ನನಗೆ ಆ ರಬ್ಬರು ಹಿಡಿಯುವುದನ್ನು ಕಲಿಸಿದವರು ಒಬ್ಬ ಅಟೆಂಡರು.

ಹನ್ನೆರಡು ವರ್ಷದ ಹಿಂದೆ ತೆರಕಣಾಂಬಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಗುತ್ತಿಗೆಯ ಮೇಲೆ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಅವರು ಅಲ್ಲಿ ವಿಜ್ಞಾನದ ಲ್ಯಾಬಿನ ಅಟೆಂಡರು. ಗಂಟೆ ಹೊಡೆಯುವುದು, ನೀರಿನ ಮೋಟಾರು ಹಾಕುವುದು, ಒಡೆದ ಬೀಕರು ಗುಡಿಸುವುದು ಎಲ್ಲ ಅವರ ಪಾಲಿಗೇ. ಕುದೇರಿನವರು. ಖಾಕಿ ಅಂಗಿಯ ಜೇಬಿನಲ್ಲಿ ಒಂದು ಟೆಸ್ಟರು, ಒಂದು ರಬ್ಬರು, ಒಂದು ಪುಟಾಣಿ ಬಲ್ಬು. ಇಂಗ್ಲಿಷಿನಲ್ಲಿ ಓದಲು ಬರುತ್ತಿದ್ದದ್ದು ಆನ್ ಮತ್ತು ಆಫ್ ಎರಡೇ. ಎಲ್ಲರೂ ಅವರನ್ನು ಅಟೆಂಡ್ರೇ ಅನ್ನುತ್ತಿದ್ದರು, ನಾನು ಅಣ್ಣ ಅನ್ನುತ್ತಿದ್ದೆ. ಅಪ್ಪನ ವಯಸ್ಸಿನವರಿಗೆ ಅಣ್ಣ ಅನ್ನುತ್ತೀಯಲ್ಲ ಎಂದು ಮೇಡಂಗಳು ರೇಗಿಸುತ್ತಿದ್ದರು.

ಆ ಬಲ್ಬು ಸೀರಿಯಲ್ ಸೆಟ್ಟಿಗೆ. ಗಣೇಶನ ಹಬ್ಬ ಬಂತೆಂದರೆ ಸುತ್ತಲಿನ ನಾಲ್ಕಾರು ಊರಿನ ಸೆಟ್ಟುಗಳು ಅವರ ಲ್ಯಾಬಿಗೆ ಬರುತ್ತಿದ್ದವು. ಆಗಿನ ಸೆಟ್ಟುಗಳಲ್ಲಿ ಒಂದು ಬಲ್ಬು ಹೋದರೆ ಇಡೀ ಸಾಲೇ ಆರಿಹೋಗುತ್ತಿತ್ತಲ್ಲ... ಅದನ್ನು ಹುಡುಕುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಒಂದು ಬಲ್ಬು ಕಿತ್ತು, ಜೇಬಿನ ಬಲ್ಬನ್ನು ಅಲ್ಲಿಗೆ ಹಾಕಿ, ನೋಡಿ, ವಾಪಸ್ಸು ತೆಗೆದು, ಮುಂದಿನದಕ್ಕೆ ಹೋಗುತ್ತಿದ್ದರು. ಅವಸರವೇ ಇಲ್ಲ. ನೋಡುತ್ತ ನಿಂತವರಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ನಮ್ಮ ಮನೆಯಲ್ಲಿ ತಿಂಗಳ ಸಂಬಳಕ್ಕೆ ಹೋದವಳು ನಾನೇ ಮೊದಲು. ಅಪ್ಪ ಅಮ್ಮ ಇಬ್ಬರೂ ಗುಂಡ್ಲುಪೇಟೆ ಕಡೆಯ ಚೆಂಡುಹೂವಿನ ಹೊಲಗಳಲ್ಲಿ ಹೂ ಬಿಡಿಸುತ್ತಿದ್ದರು. ನಮ್ಮುಡುಗಿ ಕಂಪ್ಯೂಟರ್ ಕೆಲಸಕ್ಕೆ ಓಯ್ತಾಳೆ ಅಂತ ಅಪ್ಪ ಹೊಲದಲ್ಲೆಲ್ಲ ಹೇಳಿದ್ದ. ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಹತ್ತನೇ ತರಗತಿ ಮಕ್ಕಳ ವಿವರಗಳನ್ನು ಪರೀಕ್ಷೆಗಾಗಿ ವೆಬ್‌ಸೈಟಿಗೆ ತುಂಬಬೇಕಿತ್ತು, ಆದರೆ ಆಫೀಸಿನ ಕಂಪ್ಯೂಟರಿನ ಹಳೆಯ ಆಪರೇಟಿಂಗ್ ಸಿಸ್ಟಂನಲ್ಲಿ ಆ ವೆಬ್‌ಸೈಟು ತೆರೆಯುತ್ತಲೇ ಇರಲಿಲ್ಲ. ಹೊಸ ಸಿಸ್ಟಂ ಹಾಕಲೇ ಸಾರ್ ಎಂದು ಹೆಡ್‌ಮೇಷ್ಟ್ರನ್ನು ಕೇಳಿದೆ. ಏನೋ ಒಂದು ಮಾಡಮ್ಮ ಅಂದರು. ಮಾಡಿದೆ.

ಎರಡೇ ದಿನ ಸರಿಯಾಗಿತ್ತು. ಮೂರನೆಯ ದಿನದಿಂದ ಶುರುವಾಯಿತು ನೀಲಿ ಪರದೆ. ಹತ್ತು ಮಕ್ಕಳ ಹೆಸರು ತುಂಬಿದರೆ ಆರಿಹೋಗುತ್ತಿತ್ತು, ಮತ್ತೆ ಹಾಕಿದರೆ ಮೆಮೊರಿ ಎರರ್. ಕೊನೆಯ ದಿನಾಂಕ ಹತ್ತಿರ ಬರುತ್ತಿತ್ತು. ಹೆಡ್‌ಮೇಷ್ಟ್ರು ತಾವು ಅಂದದ್ದನ್ನು ಪೂರ್ತಿ ಮರೆತರು. ಚೆನ್ನಾಗಿದ್ದ ಕಂಪ್ಯೂಟರನ್ನು ಕೆಡಿಸಿದಳು ಎಂದು ಸ್ಟಾಫ್ ರೂಮಿನಲ್ಲಿ ಮಾತಾಯಿತು. ನಾನು ಟಾಯ್ಲೆಟ್ಟಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದೆ.

ಅಣ್ಣ ತಾವಾಗಿಯೇ ಬಂದರು. ಕೇಳದೆ ಸ್ಕ್ರೂ ಬಿಚ್ಚಿದರು. ಒಳಗೆ ಸಾಲಾಗಿ ಒಂದೊಂದು ಜಿಬಿಯ ನಾಲ್ಕು ರ‍್ಯಾಮ್ ಇದ್ದವು. ಒಂದೊಂದನ್ನೇ ಕಿತ್ತು, ಜೇಬಿನ ರಬ್ಬರಿನಿಂದ ಅಂಚು ಉಜ್ಜಿ ಹೊಳೆಸಿ, ಮತ್ತೆ ಕೂರಿಸಿದರು. ರೇಡಿಯೊದ ಶೆಲ್ಲಿಗೆ ತುಕ್ಕು ಹಿಡಿದರೆ ಹೀಗೇ ಅಲ್ಲವೇ ಮಾಡುವುದು ಎಂದರು. ಕಂಪ್ಯೂಟರು ಹತ್ತಿಕೊಂಡಿತು. ಇಡೀ ಮಧ್ಯಾಹ್ನ ಒಂದು ಸಲವೂ ನಿಲ್ಲಲಿಲ್ಲ. ನಾನು ಕುಣಿಯುತ್ತ ಹೆಡ್‌ಮೇಷ್ಟ್ರ ಕಡೆಗೆ ಹೊರಟಾಗ ಅವರು ತಡೆದರು. "ಇವತ್ತೇ ಯೋಳ್ಬ್ಯಾಡ ಕಣಮ್ಮಿ. ನಾಳ ನೋಡನ." ನಾನು ಕೇಳಬೇಕಲ್ಲ... ಹೋಗಿ ಹೇಳಿಬಿಟ್ಟೆ.

ಮಾರನೆಯ ದಿನ ಶನಿವಾರ, ಹೆಡ್‌ಮೇಷ್ಟ್ರು ನನ್ನ ಹಿಂದೆಯೇ ನಿಂತು ನೋಡುತ್ತಿದ್ದಾಗ ಪರದೆ ನೀಲಿಯಾಯಿತು. ಅವರು ಬೈಯಲಿಲ್ಲ. ಸೋಮವಾರ ಆಡಳಿತ ಮಂಡಳಿಯವರು ಬರುತ್ತಾರೆ, ನಿಮ್ಮ ವಿಷಯ ಅವರೇ ತೀರ್ಮಾನ ಮಾಡಲಿ ಎಂದಷ್ಟೇ ಹೇಳಿ ಹೋದರು. ಬೈದಿದ್ದರೇ ವಾಸಿಯಿತ್ತು. ಬಸ್ಸಿನಲ್ಲಿ ಕೂತು, ಅಪ್ಪನಿಗೆ ಏನಂತ ಹೇಳುವುದು ಎಂದೇ ಯೋಚಿಸುತ್ತಿದ್ದೆ.

ಭಾನುವಾರ ಬೆಳಗ್ಗೆ ಅಣ್ಣ ಶಾಲೆಯ ಬೀಗದ ಕೈ ತಂದರು, ನನ್ನನ್ನೂ ಕರೆಸಿದ್ದರು. ನನಗಂತೂ ಆಸೆಯೇ ಇರಲಿಲ್ಲ. ಹೋದ ಕೆಲಸ ಹೋಯಿತು, ನೀವೇಕೆ ಭಾನುವಾರ ಹಾಳುಮಾಡಿಕೊಳ್ಳುತ್ತೀರಿ ಎಂದೆ. ಅವರು ಬಾಗಿಲು ತೆಗೆಯುತ್ತ ಮಾತಾಡಿದರು.

"ಕೆಟ್ಟಿರೋ ಬಲ್ಬ ಉಡುಕ್ಬಾರ್ದು ಕಣಮ್ಮಿ. ಒಳ್ಳೇದು ಅಂತ ಗೊತ್ತಿರೋದ ಒಂದ ಮೊದ್ಲು ಕೈಲಿಟ್ಕಬೇಕು. ಕೆಟ್ಟಿದ್ದು ತಾನೇ ಸಿಕ್ತದ."

ನಾಲ್ಕನ್ನೂ ಕಿತ್ತೆವು. ಒಂದೇ ಒಂದನ್ನು ಮೊದಲ ಸ್ಲಾಟಿನಲ್ಲಿ ಕೂರಿಸಿ, ರ‍್ಯಾಮನ್ನು ಮೂಲೆ ಮೂಲೆ ತಡಕಿ ನೋಡುವ ಮೆಮೊರಿ ಟೆಸ್ಟು ಹಚ್ಚಿದೆವು. ಒಂದಕ್ಕೆ ಒಂದೂವರೆ ಗಂಟೆ. ಅಷ್ಟು ಹೊತ್ತೂ ಅವರು ಸ್ಟೂಲಿನ ಮೇಲೆ ಕದಲದೆ ಕೂತಿರುತ್ತಿದ್ದರು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಎರಡು ಮಾಡಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ, ಆದದ್ದನ್ನು ಆಗಲೇ ಬರೆದಿಡಬೇಕು ಎಂದು ನನ್ನ ಕೈಯಲ್ಲಿ ಬರೆಸಿದರು. ಮೊದಲನೆಯದು ಪಾಸು. ಎರಡನೆಯದು ಪಾಸು. ಅವರ ಮನೆಯಿಂದ ಬಂದಿದ್ದ ರಾಗಿ ರೊಟ್ಟಿಯನ್ನು ಇಬ್ಬರೂ ತಿಂದೆವು. ಮೂರನೆಯದೂ ಪಾಸು. ನಾಲ್ಕನೆಯದನ್ನು ಹಾಕಿದ ಐದೇ ನಿಮಿಷಕ್ಕೆ ಪರದೆಯ ತುಂಬ ಕೆಂಪು ಸಾಲುಗಳು.

ನನಗೆ ಕಿರುಚಬೇಕೆನಿಸಿತು. ಅವರು ಮಾತ್ರ, ಸ್ಲಾಟೂ ಕೆಟ್ಟಿಲ್ಲ ಎಂದು ಹೆಂಗೆ ಗೊತ್ತು ಅಂತ ಕೇಳಿ, ಅದು ಮೊದಲಿದ್ದ ನಾಲ್ಕನೇ ಸ್ಲಾಟಿಗೆ ಒಳ್ಳೆಯ ರ‍್ಯಾಮ್ ಹಾಕಿಸಿ ಇನ್ನೊಂದು ಟೆಸ್ಟು ಮಾಡಿಸಿದರು. ಪಾಸು. ಹಾಗಾದರೆ ಕೆಟ್ಟಿರುವುದು ಆ ರ‍್ಯಾಮೇ. ಅದನ್ನು ಕೈಗೆ ತೆಗೆದುಕೊಂಡು ಮಗುಚಿ ನೋಡಿದರು. ಮೂಲೆಯಲ್ಲಿ ಕೆಂಪು ಇಂಕಿನ ಒಂದು ಚುಕ್ಕಿ ಇತ್ತು. ಅದನ್ನು ನೋಡಿದ ಮೇಲೆ ಅವರು ಸಂಜೆವರೆಗೂ ಹೆಚ್ಚು ಮಾತಾಡಲಿಲ್ಲ. ಸುಸ್ತಾಗಿರಬೇಕು ಅಂದುಕೊಂಡೆ. ಪೆದ್ದಿ ನಾನು.

ಆದರೂ ನನಗೊಂದು ಅನುಮಾನ ಉಳಿದಿತ್ತು. ಕೆಟ್ಟ ರ‍್ಯಾಮ್ ಮೊದಲಿಂದಲೂ ಇದ್ದರೆ ಹಳೆಯ ಸಿಸ್ಟಂನಲ್ಲಿ ಏಕೆ ತೊಂದರೆ ಬರಲಿಲ್ಲ? ಅವರಿಗೆ ಹೇಳಿದಾಗ, ಹಳೆಯದು ಎಷ್ಟು ಮೆಮೊರಿ ತೋರಿಸುತ್ತಿತ್ತು ಎಂದು ಕೇಳಿದರು. ಮೂರು ಜಿಬಿ ಎಂದೆ, ಅದಕ್ಕಿಂತ ಹೆಚ್ಚು ಅದಕ್ಕೆ ಕಾಣುತ್ತಲೇ ಇರಲಿಲ್ಲ. ಹೊಸದು ನಾಲ್ಕನ್ನೂ ಬಳಸುತ್ತಿತ್ತು. ಅವರು ತಲೆಯಾಡಿಸಿದರು.

ಸೋಮವಾರ ನನ್ನನ್ನು ಹೆಡ್‌ಮೇಷ್ಟ್ರ ಕೋಣೆಗೆ ಕರೆದರು. ಮಂಡಳಿಯ ಮೂವರು ಕೂತಿದ್ದರು. ನಾನು ಬರೆದಿಟ್ಟ ಹಾಳೆ ಹಿಡಿದು ಬಾಯಿ ತೆರೆಯುವ ಮೊದಲೇ ಅಣ್ಣ ಒಳಗೆ ಬಂದು, ಆ ರ‍್ಯಾಮನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತರು.

"ಈ ಮಗಿದು ತಪ್ಪಿಲ್ಲ ಸಾರ್. ಹಳೇ ಮೇಷ್ಟ್ರು ಮುಂದ್ಲ ಮೂರು ಬೆಂಚ್ನೋರ ಮಾತ್ರ ಪ್ರಶ್ನೆ ಕೇಳೋರು. ಹಿಂದ್ಲ ಬೆಂಚಂವ ಬಾಯೇ ಬುಡದಂಗೆ ಕುಂತಿದ್ದ, ದಡ್ಡ ಅಂತ ಯಾರ‍್ಗೂ ಗೊತ್ತಾಗ್ನಿಲ್ಲ. ಈಗ ಹೊಸ ಮೇಷ್ಟ್ರು ಬಂದು ಅವನ್ನೂ ನಿಲ್ಲಿಸಿ ಕೇಳುದ್ರು. ಅಷ್ಟೇಯ." ಕೆಂಪು ಚುಕ್ಕಿಯನ್ನು ಬೆರಳಿನಿಂದ ತೋರಿಸಿದರು. "ಆ ನಾಕ್ನೇದ ತಂದು ಹಾಕ್ದಂವ ನಾನು."

ಐದು ವರ್ಷದ ಹಿಂದಿನ ಮಾತಂತೆ. ಲ್ಯಾಬಿನಲ್ಲಿ ಕೆಟ್ಟು ಮೂಲೆ ಸೇರಿದ್ದ ಒಂದು ಕಂಪ್ಯೂಟರಿನಿಂದ, ಯಾರನ್ನೂ ಕೇಳದೆ, ಆಫೀಸಿನದು ಜೋರಾಗಿ ಓಡಲಿ ಎಂದು ರ‍್ಯಾಮ್ ಕಿತ್ತು ಹಾಕಿದ್ದರು. ಗುರುತಿಗೆ ಚುಕ್ಕಿಯಿಟ್ಟಿದ್ದರು. ಜೋರಾಯ್ತು ಜೋರಾಯ್ತು ಎಂದು ಆಗ ಎಲ್ಲರೂ ಹೊಗಳಿದ್ದರಂತೆ. ಸಿಸ್ಟಂಗೆ ಅದು ಕಾಣುತ್ತಲೇ ಇರಲಿಲ್ಲ, ಇನ್ನು ಜೋರೆಲ್ಲಿಂದ ಬರಬೇಕು! ಅವರು ಬಾಯಿ ಮುಚ್ಚಿಕೊಂಡಿದ್ದರೆ ಆ ಚುಕ್ಕಿ ಯಾರದೆಂದು ದೇವರಿಗೂ ತಿಳಿಯುತ್ತಿರಲಿಲ್ಲ. ರಿಟೈರಾಗಲು ಐದೇ ತಿಂಗಳಿತ್ತು. ವಿಚಾರಣೆ ಅಂತ ಎಳೆದಾಡಿದ್ದರೆ ಪಿಂಚಣಿಗೇ ಕಲ್ಲು ಬೀಳುತ್ತಿತ್ತು. ಅದೆಲ್ಲ ಗೊತ್ತಿದ್ದೂ ಭಾನುವಾರ ರಾತ್ರಿ ಮಲಗಿ ಎದ್ದು ಬಂದು ಹೇಳಿದರು. ಅವತ್ತು ಆ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದ ನಾಲ್ವರಿಗಿಂತ ಕೈಕಟ್ಟಿ ನಿಂತಿದ್ದವರೇ ದೊಡ್ಡವರಾಗಿ ಕಂಡರು ನನಗೆ.

ನನ್ನ ಕೆಲಸ ಉಳಿಯಿತು. ಮೂರೇ ರ‍್ಯಾಮಿನಲ್ಲಿ ಮಕ್ಕಳೆಲ್ಲರ ವಿವರ ಹೊತ್ತಿಗೆ ಮುಂಚೆಯೇ ತುಂಬಿದೆ. ಅಣ್ಣನಿಗೆ ಎಚ್ಚರಿಕೆಯ ಒಂದು ಮೆಮೊ ಕೊಟ್ಟರು. ಮೆಮೊರಿ ಕೆಡಿಸಿದ್ದಕ್ಕೆ ಮೆಮೊ ಎಂದು ಅವರೇ ಎಲ್ಲರಿಗೂ ತೋರಿಸಿಕೊಂಡು ನಗುತ್ತಿದ್ದರು. ಮಂಡಳಿಯವರು ಅಷ್ಟಕ್ಕೇ ಬಿಟ್ಟರು, ಪುಣ್ಯ.

ಅವರು ರಿಟೈರಾದ ಮರುವರ್ಷ ನನಗೆ ಬದನಗುಪ್ಪೆಯ ಈ ಕೆಲಸ ಸಿಕ್ಕಿತು. ಇಂಟರ್‌ವ್ಯೂನಲ್ಲಿ, ರಿಪೇರಿಯೂ ಬರುತ್ತದೆ ಎಂದೆನಲ್ಲ, ಎಲ್ಲಿ ಕಲಿತಿರಿ ಎಂದು ಮ್ಯಾನೇಜರು ಕೇಳಿದರು. ಮೈಸೂರಿನಲ್ಲಿ ಸಾರ್, ಆರು ತಿಂಗಳ ಕೋರ್ಸು, ಎಂದೆ. ನಾಲಿಗೆ ತೊದಲಲೂ ಇಲ್ಲ. ಆಮೇಲೆ ಸ್ವೀಟ್ ಬಾಕ್ಸ್ ಹಿಡಿದು ಕುದೇರಿಗೆ ಹೋದೆ. ಅವರ ಖುಷಿ ಹೇಳತೀರದು. ಎಲ್ಲಿ ಕಲಿತೆ ಎಂದು ಕೇಳಲಿಲ್ಲವೇ ಅಂದರು. ಕೇಳಲಿಲ್ಲ ಅಂದೆ. ಅದು ಎರಡನೇ ಸುಳ್ಳು. ಅವರು ಮೈಸೂರುಪಾಕು ಮುರಿಯುತ್ತ ನಕ್ಕರು. "ಕೇಳುದ್ರೆ ಮೈಸೂರು ಅಂದ್ಬುಡು. ಅಟೆಂಡ್ರು ಕಲುಸ್ದ ಅಂದ್ರೆ ಯಾರ್ ಕೆಲ್ಸ ಕೊಟ್ಟಾರು?" ನಾನು ಕೈಯಲ್ಲಿದ್ದ ತುಂಡನ್ನು ಬಾಕ್ಸಿಗೇ ವಾಪಸ್ಸಿಟ್ಟೆ.

ಮೂರು ವರ್ಷದ ಹಿಂದೆ ಅವರು ಹೋದರು. ನನಗೆ ತಿಳಿಯುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಕುದೇರಿಗೆ ಹೋದಾಗ ಅವರ ಹೆಂಡತಿ ಹೊಲದಿಂದ ಬಂದು ಬೀಗ ತೆಗೆದರು. ಬೀಗದ ಕೈಯ ಗೊಂಚಲಿನಲ್ಲಿ ಒಂದು ಹಸಿರು ಪಟ್ಟಿ ತೂಗಾಡುತ್ತಿತ್ತು, ಮೂಲೆಯಲ್ಲಿ ಕೆಂಪು ಚುಕ್ಕಿ. ಇದೇನು ಎಂದು ಕೇಳಿದವರಿಗೆಲ್ಲ ನನ್ನ ಮೆಮೊ ಅನ್ನುತ್ತಿದ್ದರಂತೆ. "ನಮ್ಮುಡುಗಿ ಬದನಗುಪ್ಪೇಲಿ ಕಂಪ್ಯೂಟ್ರು ಡಾಕ್ಟ್ರು, ನಾನೇ ಕಲುಸಿದ್ದು ಅಂತ ಊರ‍್ಗೆಲ್ಲ ಯೋಳ್ಕಂಡು ತಿರುಗೋರು ಕಣವ್ವ," ಎಂದರು ಅವರ ಹೆಂಡತಿ. ಅವರು ನನ್ನ ಬಗ್ಗೆ ಊರಿಗೆಲ್ಲ ಹೇಳಿಕೊಂಡಿದ್ದರು. ನಾನು ಅವರ ಬಗ್ಗೆ ಒಬ್ಬರಿಗೂ ಹೇಳಿರಲಿಲ್ಲ.

ಕಳೆದ ವಾರವೂ ರಬ್ಬರಿನಿಂದ ಉಜ್ಜಿದ್ದು ಸಾಕಾಗಲಿಲ್ಲ. ಒಂದೊಂದನ್ನೇ ಹಾಕಿ, ಟೆಸ್ಟು ಮಾಡಿ, ಬರೆದು, ಇಡೀ ದಿನ ಕೂತೆ. ಎರಡು ರ‍್ಯಾಮಿನಲ್ಲಿ ಒಂದು ಕೆಟ್ಟಿತ್ತು, ಎಂದಿನಿಂದಲೋ ಏನೋ. ಅದನ್ನು ಮ್ಯಾನೇಜರ ಮೇಜಿನ ಮೇಲಿಟ್ಟು ಹಿಂದಿನ ಬೆಂಚಿನ ಕಥೆ ಹೇಳಿದೆ. ಅವರು ನಕ್ಕು, ನನ್ನೆದುರೇ ಆ ಹೆಣ್ಣುಮಗಳಿಗೆ ಫೋನು ಮಾಡಿ ತಪ್ಪಾಯಿತಮ್ಮ ಎಂದರು. ಫೋನಿಟ್ಟು, "ಮೈಸೂರಲ್ಲಿ ಚೆನ್ನಾಗಿ ಕಲಿಸಿದ್ದಾರೆ ಕಣ್ರೀ ನಿಮಗೆ," ಎಂದರು.

ನಾನು ನಿಂತೇ ಇದ್ದೆ. ಕೈ ತಾನಾಗಿ ಕಟ್ಟಿಕೊಂಡಿತ್ತು.

"ಮೈಸೂರಲ್ಲಲ್ಲ ಸಾರ್. ಅವತ್ತು ನಾನು ಹೇಳಿದ್ದು ಸುಳ್ಳು. ಕಲಿಸಿದ್ದು ನಮ್ಮ ಹೈಸ್ಕೂಲಿನ ಅಟೆಂಡರು."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಆ ಅಟೆಂಡರು ಈಗೆಲ್ಲಿದ್ದಾರೆ, ಒಂದು ದಿನ ಇಲ್ಲಿಗೆ ಕರೆದುಕೊಂಡು ಬನ್ನಿ, ನಮ್ಮ ಹುಡುಗರಿಗೂ ಸ್ವಲ್ಪ ಹೇಳಿಕೊಡಲಿ ಎಂದರು.

ಇಲ್ಲ ಸಾರ್ ಎಂದೆ. ಮೂರು ವರ್ಷ ತಡಮಾಡಿಬಿಟ್ಟೆ...